ಎಡಗಡೆಯ ನಾಲ್ಕು ಬೋಲ್ಟು

ಅನಂತರಾಜು ಬೋಲ್ಟು ಬಿಚ್ಚುತ್ತಿಲ್ಲ, ಬಿಗಿ ಮಾಡುತ್ತಿದ್ದಾನೆ ಅನ್ನುವುದು ಬಸವಲಿಂಗಮ್ಮನ ಕಣ್ಣಿಗೆ ಬಿದ್ದದ್ದು ಕೆಲಸ ಶುರುವಾದ ಮೂರನೆಯ ದಿನ ಬೆಳಿಗ್ಗೆ.

ತುಮಕೂರಿನ ಉಪ್ಪಾರಹಳ್ಳಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಅವಳು ಸುಲಿಯುತ್ತಿದ್ದಳು. ಕೈ ಅವರೆಕಾಯಿಯ ಮೇಲೆ, ಕಣ್ಣು ಪಕ್ಕದ ಖಾಲಿ ಸೈಟಿನಲ್ಲಿ ನಿಂತ ಲಾರಿಯ ಮೇಲೆ. ಲಾರಿಯ ಮುಂದಿನ ಎರಡು ಚಕ್ರ ಕಳಚಿ, ಮೂತಿಯನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಎಡಗಡೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಮೆಕ್ಯಾನಿಕ್ಕು ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಮಲಗಿದ ಮಗುವಿನ ಕೈಯಿಂದ ಗಿಲಕಿ ಬಿಡಿಸುವವನ ಹಾಗೆ, ಮೆಲ್ಲಗೆ ಬಲಕ್ಕೆ ತಳ್ಳುತ್ತಿದ್ದ. ಬಲಕ್ಕೆ! ಮೂವತ್ತು ವರ್ಷ ಲಾರಿಯವನ ಹೆಂಡತಿಯಾಗಿದ್ದವಳಿಗೆ ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ತಿರುಗಿಸಿದರೆ ಸಡಿಲ ಅನ್ನುವುದು ಗೊತ್ತಿರುವುದಿಲ್ಲವೇ?

"ಏನಪ್ಪಾ ಅನಂತರಾಜು, ಅದೇನು ಬಿಚ್ತಿದೀಯೋ, ಬಿಗಿ ಮಾಡ್ತಿದೀಯೋ?"

"ಬಿಗಿ ಮಾಡ್ತಿದೀನಿ ಅಮ್ಮಾವ್ರೇ," ಅಂತು ಲಾರಿಯ ಕೆಳಗಿನ ದನಿ.

ಇಷ್ಟು ನೇರವಾಗಿ ಒಪ್ಪಿಕೊಂಡುಬಿಟ್ಟರೆ ಮುಂದೆ ಏನು ಕೇಳುವುದು? ಬಸವಲಿಂಗಮ್ಮ ಒಂದು ಕಾಯಿಯನ್ನು ಸಿಪ್ಪೆ ಸಮೇತ ಕಾಳಿನ ಪಾತ್ರೆಗೆ ಹಾಕಿ, ಮತ್ತೆ ಆರಿಸಿ ತೆಗೆದಳು.

"ಬಿಚ್ಚಕ್ಕೆ ಅಂತ ಕರ್ಸಿದ್ದು ಕಣಪ್ಪ."

"ಬಿಚ್ಚಕ್ಕೇ ಅಮ್ಮ ಮಾಡ್ತಿರೋದು. ತುಕ್ಕು ಇದನ್ನ ಅಪ್ಪಿ ಹಿಡ್ಕೊಂಡೈತೆ. ಕಿತ್ಕೊಳಕ್ಕೋದ್ರೆ ಇನ್ನೂ ಬಿಗಿಯಾಗಿ ಹಿಡ್ಕೊತದೆ. ಮೊದ್ಲು ಅದಕ್ಕೆ ಬೇಕಾದ ಕಡೆಗೇ ಒಂದು ಕೂದಲೆಳೆ ಹೋಗಕ್ಕೆ ಬುಡಬೇಕು. ಅಲ್ಲಿಗೆ ಹಿಡಿತ ತಪ್ತದೆ. ಆಮ್ಯಾಕೆ ಈ ಕಡೆಗೆ."

ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಅಂತ ಬಸವಲಿಂಗಮ್ಮನಿಗೆ ಸಿಗಲಿಲ್ಲ. ಸಿಗದಿದ್ದುದರಿಂದಲೇ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಆ ಲಾರಿ ಅವಳ ಗಂಡ ಚನ್ನವೀರಯ್ಯನದು. ಇಪ್ಪತ್ತಾರು ವರ್ಷ ಅವನೇ ಓಡಿಸಿದ್ದ. ತಿಪಟೂರಿಗೆ ಕೊಬ್ಬರಿ, ಬೆಂಗಳೂರಿಗೆ ತೆಂಗಿನಕಾಯಿ ಅಂತ ವರ್ಷವಿಡೀ ಬಾಡಿಗೆ ಹೊಡೆದರೂ ಶಿವರಾತ್ರಿಯ ಹಿಂದಿನ ದಿನ ಮಾತ್ರ ಬಾಡಿಗೆ ಇಲ್ಲದ ಒಂದು ಲೋಡು ಇರುತ್ತಿತ್ತು. ಅವನ ಊರು ನಿಟ್ಟೂರಿನ ಮನೆಮನೆಯಿಂದ ಎತ್ತಿದ ರಾಗಿ, ಕಾಯಿ, ಸೌದೆ. ಹೋಗುವುದು ಮಠದ ದಾಸೋಹಕ್ಕೆ. ಆ ದಿನ ಚನ್ನವೀರಯ್ಯ ಹೊಸ ಪಂಚೆ ಉಟ್ಟು ಸ್ಟೇರಿಂಗ್ ಹಿಡಿಯುತ್ತಿದ್ದ, ಬಸವಲಿಂಗಮ್ಮ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಅವನು ಹೋಗಿ ಎಂಟು ವರ್ಷವಾಯಿತು. ಲಾರಿ ನಿಟ್ಟೂರಿನ ತೋಟದಲ್ಲಿ ಗರಿಯ ಚಪ್ಪರದ ಕೆಳಗೆ ನಿಂತಿತು. ಲೋಡು ಯಾರದೋ ಟೆಂಪೋದಲ್ಲಿ ಹೋಯಿತು. ಮೊದಲ ವರ್ಷ ಅವಳೂ ಆ ಟೆಂಪೋದಲ್ಲಿ ಹೋಗಿದ್ದಳು. ಡ್ರೈವರು ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡಿದ. ಆಮೇಲೆ ಅವಳು ಹೋಗಲಿಲ್ಲ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಮಗಳು ಪಲ್ಲವಿ, "ಅಮ್ಮ, ಶಿವರಾತ್ರಿ ಲೋಡು ಅಪ್ಪನ ಲಾರೀಲೇ ಹೋಗ್ಲಿ," ಅಂದಳು. ತುಮಕೂರಿನಲ್ಲಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಒಮ್ಮೆ ಹಿಡಿದರೆ ಬಿಡುವವಳಲ್ಲ. ಊರಿನ ಗ್ಯಾರೇಜಿನವರೆಲ್ಲ ಬಂದು ನೋಡಿ ಗುಜರಿಗೆ ಹಾಕಿ ಅಂದರು. ಕೊನೆಗೆ ಯಾರೋ ಕುಣಿಗಲ್ಲಿನ ಅನಂತರಾಜುವಿನ ಹೆಸರು ಹೇಳಿದರು. ಟ್ರಾಕ್ಟರಿಗೆ ಕಟ್ಟಿ ಲಾರಿಯನ್ನು ಉಪ್ಪಾರಹಳ್ಳಿಗೆ ಎಳೆಸಿ ತಂದರು. ಲಾರಿ ರಸ್ತೆಗಿಳಿಯಲು ಬೇಕಾದ ಎಫ್‌ಸಿ ತಪಾಸಣೆಗೆ ಆರ್‌ಟಿಒದಲ್ಲಿ ತಾರೀಖೂ ಸಿಕ್ಕಿತು: ಶಿವರಾತ್ರಿಯ ಹಿಂದಿನ ವಾರದ ಸೋಮವಾರ.

ಅನಂತರಾಜು ಮೊದಲ ದಿನ ಲಾರಿಯನ್ನು ಮೂತಿಯಿಂದ ಬಾಲದವರೆಗೆ ಸವರಿ ನೋಡಿ ಹೇಳಿದ್ದು ಇಷ್ಟೇ. "ಇಂಜಿನ್ ಗಟ್ಟಿ ಐತೆ. ಬ್ರೇಕು, ಲೈಟು ಮಾಡ್ಕೊಬೋದು. ಕಷ್ಟ ಇರೋದು ಇಲ್ಲಿ." ಅವನು ತೋರಿಸಿದ್ದು ಮುಂದಿನ ಎಡಚಕ್ರದ ಹಿಂಭಾಗ. ಲಾರಿಯ ಬೆನ್ನುಮೂಳೆಯಂಥ ಉದ್ದದ ಕಬ್ಬಿಣ, ಅದೇ ಚಾಸಿ. ಅದಕ್ಕೆ ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿಡುವ ಬ್ರಾಕೆಟ್ಟು ನಾಲ್ಕು ಬೋಲ್ಟಿನಲ್ಲಿ ಕೂತಿತ್ತು. ಬ್ರಾಕೆಟ್ಟು ತುಕ್ಕು ತಿಂದು ಬಿಸ್ಕತ್ತಿನಂತಾಗಿತ್ತು. "ಇದನ್ನ ಬದಲಾಯಿಸ್ಲೇಬೇಕು. ಈ ನಾಲ್ಕು ಬೋಲ್ಟು ಹುಷಾರಾಗಿ ಬಂದ್ರೆ ಲಾರಿ ಬಂತು ಅಂದ್ಕೊಳಿ. ಚಾಸೀನ ಕಿತ್ಕೊಂಡು ಬಂದ್ವೋ, ಮುಗೀತು. ಎಫ್‌ಸಿ ಆಗಲ್ಲ."

ಅಂದಿನಿಂದ ಬಸವಲಿಂಗಮ್ಮನ ಎಣಿಕೆಯೆಲ್ಲ ನಾಲ್ಕರ ಒಳಗೇ.

ಬಲಗಡೆಯ ನಾಲ್ಕು ಬೋಲ್ಟೂ ಒಂದೇ ಮಧ್ಯಾಹ್ನದಲ್ಲಿ ಬಂದಿದ್ದವು. ಎಡಗಡೆಯವಕ್ಕೆ ಎರಡು ದಿನ ಎಣ್ಣೆ ಬಿಟ್ಟು ಅನಂತರಾಜು ಸುಮ್ಮನೆ ಕೂತುಬಿಟ್ಟ. ಡೀಸೆಲ್ಲಿಗೆ ಇನ್ನೇನೋ ಬೆರೆಸಿದ ಎಣ್ಣೆ. ಗಂಟೆಗೊಮ್ಮೆ ನಾಲ್ಕು ತೊಟ್ಟು ಬಿಡುವುದು, ಸಣ್ಣ ಸುತ್ತಿಗೆಯಲ್ಲಿ ಟಿಕ್ ಟಿಕ್ ಅಂತ ತಟ್ಟುವುದು, ಬೀಡಿ ಹಚ್ಚುವುದು.

"ಇದೇನ್ ಅತ್ತಿಗೆ, ನಿಮ್ ಮೆಕ್ಯಾನಿಕ್ಕು ಲಾರೀಗೆ ಎಣ್ಣೆಸ್ನಾನ ಮಾಡುಸ್ತವ್ನೋ?" ಅಂದ ಮಹಾದೇವಯ್ಯ. ಚನ್ನವೀರಯ್ಯನ ತಮ್ಮ. ನಿಟ್ಟೂರಿನಿಂದ ದಿನವೂ ಬಂದು ಹೋಗುತ್ತಿದ್ದ. ಕೆಲಸಕ್ಕೆ ಕೈ ಹಾಕುವವನಲ್ಲ, ಕುರ್ಚಿ ಹಾಕಿಕೊಂಡು ಕಾಯುವವನು. ಹಿಂದೊಮ್ಮೆ ಗುಬ್ಬಿಯಲ್ಲಿ ಯಾವನೋ ಮೆಕ್ಯಾನಿಕ್ಕು, ಇವನು ರಿಪೇರಿಗೆ ಬಿಟ್ಟ ಟ್ರಾಕ್ಟರಿನ ಒಳ್ಳೆಯ ಸಾಮಾನು ಎತ್ತಿಟ್ಟುಕೊಂಡು ಸವೆದದ್ದನ್ನು ಹಾಕಿ ಕಳಿಸಿದ್ದನಂತೆ. ಅಂದಿನಿಂದ ಕೈಯಲ್ಲಿ ಸ್ಪ್ಯಾನರ್ ಹಿಡಿದವರನ್ನೆಲ್ಲ ಅವನು ಒಂದೇ ಕಣ್ಣಿನಿಂದ ನೋಡುತ್ತಿದ್ದ.

"ಇವ್ರ ಆಟ ನಂಗೊತ್ತು ಕಣತ್ತಿಗೆ," ಅಂತ ದನಿ ತಗ್ಗಿಸಿದ. "ಹಳೇ ಲಾರಿ ಒರಿಜಿನಲ್ ಸಾಮಾನಿಗೆ ಬೆಂಗ್ಳೂರಲ್ಲಿ ಕಾಯ್ಕೊಂಡವ್ರೆ. ದಿನ ತಳ್ತಾನೆ. ಕೊನೇಗೆ ಚಾಸಿ ಹೋಯ್ತು, ಗುಜರಿಗಾಕಿ ಅಂತಾನೆ. ಆ ಗುಜರಿಯವ್ನು ಯಾರು? ಇವನ ಬಾಮೈದ!"

"ಅವನಿಗೆ ಬಾಮೈದ ಅವ್ನಾ?"

"ಇರ್ತಾನೆ ಬುಡಿ ಅತ್ತಿಗೆ. ಯಾರಿಗಿರಲ್ಲ?"

ಬಸವಲಿಂಗಮ್ಮ ನಕ್ಕಳು. ಆದರೂ ಆ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕೂತುಬಿಟ್ಟಿತು. ಅಂದು ಸಂಜೆ ಅನಂತರಾಜು ಬಸ್ಸು ಹಿಡಿದು ಹೋದ ಮೇಲೆ ಪಲ್ಲವಿಯ ಉಗುರು ಬಣ್ಣದ ಬಾಟಲಿ ಹಿಡಿದು ಹೊರಗೆ ಬಂದಳು. ಬಿಚ್ಚಿಟ್ಟ ಸಾಮಾನಿಗೆಲ್ಲ, ಯಾರಿಗೂ ತಟ್ಟನೆ ಕಾಣದ ಮೂಲೆಯಲ್ಲಿ, ಒಂದೊಂದು ಕೆಂಪು ಚುಕ್ಕೆ ಇಟ್ಟಳು. ಬದಲಾಯಿಸಿದರೆ ಗೊತ್ತಾಗಲಿ. ಬಾಗಿ ಬಾಗಿ ಸೊಂಟ ಹಿಡಿದುಕೊಂಡಿತು. ಒಳಗೆ ಬಂದರೆ ಪಲ್ಲವಿ, "ಏನಮ್ಮ, ಈ ವಯಸ್ಸಲ್ಲಿ ನೈಲ್ ಪಾಲಿಶ್ಶು?" ಅಂದಳು.

"ಹೂಂ ಕಣೇ. ನಿನ್ನ ಮದ್ವೆಗೆ ಗಂಡು ನೋಡಕ್ಕೆ ಹೋಗ್ಬೇಕಲ್ಲ," ಅಂದು ಬಸವಲಿಂಗಮ್ಮ ಅಡಿಗೆಮನೆ ಸೇರಿದಳು.

ಬಿಗಿ ಮಾಡಿದ ಬೋಲ್ಟು ಅಂದೇ ಮಧ್ಯಾಹ್ನ ಬಂದಿತ್ತು. ಅದನ್ನು ಅವಳು ಒಪ್ಪಲೇಬೇಕಿತ್ತು. ಬಲಕ್ಕೆ ಒಂದು ಎಳೆ, ಎಡಕ್ಕೆ ಎರಡು ಎಳೆ, ಮತ್ತೆ ಎಣ್ಣೆ, ಮತ್ತೆ ಬಲಕ್ಕೆ. ಕೊನೆಗೆ ಕಿರ್ರೆಂದು ಅತ್ತು ಹೊರಗೆ ಬಂದಿತ್ತು.

ಎರಡನೆಯದಕ್ಕೆ ಅನಂತರಾಜು ಮೇಣದ ಬತ್ತಿ ಕೇಳಿದ.

"ಹಗಲೊತ್ತಲ್ಲಿ ಮೇಣದ ಬತ್ತಿ ಯಾಕಪ್ಪ?"

"ಕುಡಿಯಕ್ಕೆ ಅಮ್ಮ. ಇದಕ್ಕೆ ಬಾಯಾರೈತೆ."

ಸಣ್ಣ ಗ್ಯಾಸಿನ ಉರಿಯಲ್ಲಿ ಬೋಲ್ಟನ್ನು ಕಾಯಿಸಿ, ಉರಿ ತೆಗೆದು ಮೇಣದ ಬತ್ತಿಯನ್ನು ಅದಕ್ಕೆ ಮುಟ್ಟಿಸಿದ. ಮೇಣ ಕರಗಿ, ನೋಡನೋಡುತ್ತಿದ್ದಂತೆ ಸಂದಿಯೊಳಕ್ಕೆ ಇಳಿದು ಮಾಯವಾಯಿತು. ಅಷ್ಟು ಉರಿ ಇಟ್ಟುಕೊಂಡವನು ಅದೇ ಉರಿಯಲ್ಲಿ ಬೋಲ್ಟನ್ನು ಕತ್ತರಿಸಿ ಒಗೆಯಬಾರದೇ ಅಂತ ಮಹಾದೇವಯ್ಯ ಕೇಳಿದ.

"ಕತ್ತರಿಸೋ ಉರಿ ಬೇರೆ ಅಣ್ಣ. ಅದನ್ನ ಹಿಡಿದ್ರೆ ಎರಡು ನಿಮಿಷ. ಆದ್ರೆ ಇಲ್ಲಿ ಚಾಸಿ ತೆಳ್ಳಗಾಗೈತೆ, ಬೋಲ್ಟಿನ ಜೊತೇಲಿ ಅದೂ ಕರಗೋಯ್ತದೆ." ಆಮೇಲೆ ಬಸವಲಿಂಗಮ್ಮನ ಮೊರದ ಕಡೆ ನೋಡಿದ. "ಅಮ್ಮಾವ್ರೇ, ರಾತ್ರಿ ನೆನೆ ಹಾಕ್ದೆ ಅವರೆಕಾಳು ಹಿತುಕಕ್ಕಾಯ್ತದಾ?"

"ಆಗಲ್ಲ."

"ಅಷ್ಟೇಯ."

ಆ ಬೋಲ್ಟೂ ಬಂತು. ಆದರೆ ಅದನ್ನು ತೆಗೆದ ಮೇಲೆ ಬ್ರಾಕೆಟ್ಟಿನ ಹಿಂದಿನ ಸಂದಿಗೆ ಬೆರಳು ಹಾಕಿ ಅನಂತರಾಜು ಏನನ್ನೋ ಕೆದಕಿದ. ಬೆರಳು ಮೂಸಿದ. ನಾಲಿಗೆಗೆ ಮುಟ್ಟಿಸಿದಂತೆಯೂ ಕಂಡಿತು. ಆಮೇಲೆ ಕೇಳಿದ.

"ಅಮ್ಮಾವ್ರೇ, ಈ ಲಾರಿ ಯಾವಾಗಾದ್ರೂ ಉಪ್ಪು ಹೊಡೀತಿತ್ತಾ? ಇಲ್ಲಾ ಮೀನು?"

ಬಸವಲಿಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಮೀನಾ? ಮಠದ ದಾಸೋಹಕ್ಕೆ ರಾಗಿ ಹೊಡೆದಿರೋ ಲಾರಿ ಇದು! ಬಾಯಿಗೆ ಬಂದಂಗೆ ಮಾತಾಡ್ಬೇಡ!"

"ತಪ್ಪಾಯ್ತು ಬುಡಿ ಅಮ್ಮ. ಒಂದೇ ಕಡೆ ಇಷ್ಟು ತಿಂದೈತಲ್ಲ, ಅದಕ್ಕೆ ಕೇಳ್ದೆ."

"ನೋಡಿದ್ರಾ, ಸುಳ್ಳಿಗೆ ದಾರಿ ಮಾಡ್ಕೊತಾವ್ನೆ," ಅಂತ ಮಹಾದೇವಯ್ಯ ಕಿವಿಯಲ್ಲಿ ಅಂದ. ಒಂದೇ ಕಡೆ ಅಂದರೆ ಏನರ್ಥ? ಯಾರಾದರೂ ಬೇಕೆಂದೇ ಏನಾದರೂ ಸುರಿದರೇ? ತೋಟದ ಪಕ್ಕದವರ ಮುಖಗಳು ಒಂದೊಂದಾಗಿ ಬಸವಲಿಂಗಮ್ಮನ ಕಣ್ಣ ಮುಂದೆ ಹಾದುಹೋದವು. ಅವಳು ಆ ಲಾರಿಯನ್ನು ನೋಡಿಕೊಂಡ ಹಾಗೆ ಯಾರೂ ಮಕ್ಕಳನ್ನೂ ನೋಡಿಕೊಂಡಿರಲಿಕ್ಕಿಲ್ಲ. ಗಂಡ ಇದ್ದಾಗ ಅವನಿಗೆ ಗೊತ್ತಾಗದ ಹಾಗೆ ಅಮಾವಾಸ್ಯೆಗೊಂದು ದೃಷ್ಟಿಯ ಗಂಟು ಕಟ್ಟುತ್ತಿದ್ದಳು. "ಎದೆ ಮೇಲೆ ಲಿಂಗ ಇಟ್ಕೊಂಡು ಅಮಾಸೆಗೆ ಹೆದರ್ತೀಯಲ್ಲೇ," ಅಂತ ಅವನು ಒಮ್ಮೆ ಬೈದು ಕಿತ್ತೆಸೆದಿದ್ದ. ಆಮೇಲೆ ಯಾರ ಕಣ್ಣಿಗೂ ಬೀಳದ ಕಡೆ, ಲಾರಿಯ ಹೊಟ್ಟೆಯೊಳಗೆ ಕಟ್ಟತೊಡಗಿದಳು. ಅವನು ಹೋದ ಮೇಲೂ, ನಿಟ್ಟೂರಿನ ತೋಟಕ್ಕೆ ಹೋದಾಗಲೆಲ್ಲ, ನಿಂತ ಲಾರಿಗೂ ಒಂದು ಗಂಟು. ಅಷ್ಟು ಜೋಪಾನ ಮಾಡಿದ ಲಾರಿಗೆ ಯಾವ ಪಾಪಿಯ ಕಣ್ಣು ಬಿತ್ತು?

ಹಾಗೆ ಯೋಚಿಸುತ್ತ ತಲೆಯೆತ್ತಿದರೆ, ಅನಂತರಾಜು ಆ ಸಂದಿಯಿಂದ ಕಪ್ಪನೆಯದೇನನ್ನೋ ಎಳೆದು, ಒಂದು ಸಲ ಮಹಾದೇವಯ್ಯನ ಕಡೆ ಓರೆಗಣ್ಣು ಹಾಯಿಸಿ, ತನ್ನ ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ.

ಬಸವಲಿಂಗಮ್ಮ ಏನೂ ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾನೆ.

ಮೂರನೆಯ ಬೋಲ್ಟಿನ ತಲೆ ತುಕ್ಕಿಗೆ ಸವೆದು ಗುಂಡಗಾಗಿತ್ತು. ಸ್ಪ್ಯಾನರು ಹಿಡಿದರೆ ಜಾರುತ್ತಿತ್ತು. ಅನಂತರಾಜು ಅದರ ತಲೆಯ ಮೇಲೆ ಒಂದು ಹೊಸ ನಟ್ಟು ಕೂರಿಸಿ ವೆಲ್ಡಿಂಗ್ ಮಾಡಿದ. ಇರುವುದನ್ನು ಬಿಚ್ಚು ಅಂದರೆ ಇನ್ನೊಂದನ್ನು ಅಂಟಿಸುತ್ತಾನಲ್ಲ ಅಂತ ಅವಳು ಹಲ್ಲು ಕಚ್ಚಿದಳು. ಆ ಹೊಸ ನಟ್ಟನ್ನೇ ಹಿಡಿದು ತಿರುಗಿಸಿದಾಗ ಹಳೆಯ ಬೋಲ್ಟು ಅದರ ಹಿಂದೆಯೇ ಬಂತು. ಉಳಿದದ್ದು ಒಂದು. ಅದು ಮಾತ್ರ ಜಗ್ಗಲಿಲ್ಲ.

ಬುಧವಾರ ಸಂಜೆ ಅದಕ್ಕೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಅನಂತರಾಜು ಬಲಗಡೆಯಿಂದ ಬಿಚ್ಚಿಟ್ಟಿದ್ದ ಬ್ರಾಕೆಟ್ಟನ್ನು ಗೋಣಿಯಲ್ಲಿ ಸುತ್ತಿಕೊಂಡ. "ಇದನ್ನ ಕುಣಿಗಲ್ಗೆ ತಗೊಂಡೋಯ್ತೀನಿ ಅಮ್ಮ. ಇದೇ ಅಳತೇಗೆ ಎಡಗಡೇದು ಹೊಸದು ಮಾಡ್ಬೇಕು. ಇದು ಒಂದೆರಡು ದಿನ ನೆನೀಲಿ."

ಅವನು ಬೀದಿ ತಿರುಗುವುದನ್ನೇ ಕಾದಿದ್ದ ಮಹಾದೇವಯ್ಯ ಕುರ್ಚಿಯಿಂದೆದ್ದ. "ಅತ್ತಿಗೆ, ಲೆಕ್ಕ ನೀವೇ ಹಾಕಿ. ಕೆಟ್ಟಿರೋದನ್ನ ಇಲ್ಲಿ ಬುಟ್ಟ. ಚೆನ್ನಾಗಿರೋದನ್ನ ಹೊತ್ಕೊಂಡೋದ. ರಿಪೇರಿ ಯಾವ್ದಕ್ಕೆ ಮಾಡ್ತಾರೆ?"

ಗುರುವಾರ ಅನಂತರಾಜು ಬರಲಿಲ್ಲ. ಫೋನು ಸ್ವಿಚ್ ಆಫ್. ಪಲ್ಲವಿ, "ಬರ್ತಾರೆ ಬಿಡಮ್ಮ," ಅಂದು ಕೆಲಸಕ್ಕೆ ಹೋದಳು. ಶುಕ್ರವಾರ ಬೆಳಿಗ್ಗೆಯೂ ಫೋನು ಹಾಗೇ. ಎಫ್‌ಸಿಗೆ ಮಧ್ಯೆ ಉಳಿದದ್ದು ಎರಡು ದಿನ. ಬಸವಲಿಂಗಮ್ಮ ಅವರೆಕಾಳನ್ನು ನೀರಿಗೆ ಹಾಕಿ, ತಟ್ಟೆ ಮುಚ್ಚಿ, ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಮಾತು ಶುರು ಮಾಡುವುದು ಅಂತ ಲೆಕ್ಕ ಹಾಕಿದಳು. ಮೊದಲು ನಯವಾಗಿ. ಆಮೇಲೆ ಕೆಂಪು ಚುಕ್ಕೆಯ ವಿಷಯ. ಒಪ್ಪದಿದ್ದರೆ ಬೇಕಾದೀತು ಅಂತ ಪೊಲೀಸ್ ಸ್ಟೇಷನ್ನು ಎಲ್ಲಿದೆ ಎಂದು ಕಂಡಕ್ಟರನ್ನು ಕೇಳಿಯೂ ಇಟ್ಟುಕೊಂಡಳು.

ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು, ಅದರ ಹಿಂದೆ ಮನೆ. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಹೆಂಗಸು ಮೊರ ಕೆಳಗಿಟ್ಟು ಎದ್ದಳು. ಅನಂತರಾಜುವಿನ ಹೆಂಡತಿ, ಲಕ್ಷ್ಮೀದೇವಮ್ಮ.

"ತುಮ್ಕೂರಿಂದ ಬಂದ್ರಾ? ಲಾರಿ ಅಮ್ಮಾವ್ರಾ? ಬನ್ನಿ ಬನ್ನಿ. ಅವ್ರು ಇಲ್ವಲ್ಲ. ಗುಬ್ಬೀಲಿ ಇಂಥದ್ದೇ ಒಂದು ಹಳೇ ಲಾರಿ ಕೆಡವ್ತಾವ್ರಂತೆ, ಅದರ ಬೋಲ್ಟು ಸಿಕ್ರೆ ನಿಮ್ಮ ಗಾಡೀಗೆ ಸರಿಯಾಗಿ ಕೂರ್ತವಂತೆ. ನೆನ್ನೆಯಿಂದ ಅದೇ ಅಲೆದಾಟ."

"ಫೋನು?"

"ಅಯ್ಯೋ, ಸೀಮೆಎಣ್ಣೆ ತಟ್ಟೇಲಿ ಬೀಳುಸ್ಕೊಂಡವ್ರೆ. ಅಕ್ಕಿ ಡಬ್ಬೀಲಿ ಹೂತಿಟ್ಟಿದೀನಿ ನೋಡಿ. ಇನ್ನು ಆ ಅಕ್ಕೀಲಿ ಅನ್ನ ಮಾಡಿದ್ರೆ ಮನೆಯೋರೆಲ್ಲ ಸ್ಟಾರ್ಟ್ ಆಗೋಯ್ತೀವಿ."

ಬಸವಲಿಂಗಮ್ಮ ನಗಲಿಲ್ಲ. ಅವಳ ಕಣ್ಣು ಶೆಡ್ಡಿನೊಳಗೆ ಹುಡುಕುತ್ತಿತ್ತು. ಬ್ರಾಕೆಟ್ಟು ಮೇಜಿನ ಮೇಲೇ ಇತ್ತು. ಪಕ್ಕದಲ್ಲಿ ಅದರದೇ ಅವಳಿಯಂತೆ ಅರ್ಧ ಕೊರೆದ ಹೊಸದೊಂದು. ಹಳೆಯದರ ತುಕ್ಕನ್ನೆಲ್ಲ ಉಜ್ಜಿ ತೆಗೆದಿದ್ದ, ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಕಡಲೆಕಾಳಿನಷ್ಟು ಜಾಗ ಉಜ್ಜದೆ ಬಿಟ್ಟಿದ್ದ. ಅಲ್ಲಿ ಪಲ್ಲವಿಯ ಉಗುರು ಬಣ್ಣದ ಚುಕ್ಕೆ ಹಾಗೇ ಕೂತಿತ್ತು.

"ಅದನ್ನ ಮಾತ್ರ ಮುಟ್ಟಬ್ಯಾಡ, ಅಮ್ಮಾವ್ರ ಗುರುತು, ಅಳಿಸೋದ್ರೆ ಸಂಶಯ ಪಡ್ತಾರೆ ಅಂತ ಹೇಳವ್ರೆ," ಅಂದಳು ಲಕ್ಷ್ಮೀದೇವಮ್ಮ, ಅದರಲ್ಲೇನೂ ವಿಶೇಷ ಇಲ್ಲವೆಂಬಂತೆ.

ಬಸವಲಿಂಗಮ್ಮನ ಮುಖ ಕೆಂಪೇರಿತು. ಆದರೂ ಬಂದದ್ದು ಇದೊಂದಕ್ಕಲ್ಲ. "ಊಟದ ಡಬ್ಬೀಲಿ ಅದೇನೋ ತಂದ್ರಲ್ಲ ಕಣಮ್ಮ, ಮೊನ್ನೆ?"

"ಅದಾ? ನನ್ನ ಡಬ್ಬಿ ಹಾಳು ಮಾಡುದ್ರು ಅಂತ ಬೈದೆ." ಲಕ್ಷ್ಮೀದೇವಮ್ಮ ಗೂಡಿನಿಂದ ಬಾಳೆಎಲೆಯ ಪೊಟ್ಟಣವೊಂದನ್ನು ತಂದಳು. "ಯಾರೋ ಹರಕೆ ಕಟ್ಟಿರೋದಂತೆ. ಕಸಕ್ಕೆ ಎಸೀಬಾರ್ದು, ಕಾಲು ತುಳಿಯೋ ಕಡೆ ಹಾಕ್ಬಾರ್ದು, ಭಾನುವಾರ ಕೆರೇಗೆ ಬುಡ್ತೀನಿ ಅಂದವ್ರೆ."

ಎಲೆಯೊಳಗೆ ತುಕ್ಕಿನ ಬಣ್ಣಕ್ಕೆ ತಿರುಗಿದ ಕಪ್ಪು ಬಟ್ಟೆಯ ತುಂಡುಗಳು. ಉದುರಿಹೋದವು ಎಷ್ಟೋ, ಉಳಿದವು ಹತ್ತೋ ಹದಿನೈದೋ. ಒಂದರ ಮೇಲೊಂದು ಒತ್ತಿ ಗಟ್ಟಿಯಾದ ಗಂಟುಗಳು. ನೈಲಾನು ಬಟ್ಟೆ, ಕೊಳೆತಿರಲಿಲ್ಲ. ಮಡಿಕೆಯ ಒಳಗೆ ಬೂದುಬಣ್ಣದ ಹರಳು ಅಂಟಿತ್ತು. ಬಸವಲಿಂಗಮ್ಮ ಒಂದು ತುಂಡನ್ನು ತಿರುಗಿಸಿದಳು. ಅಂಚಿನಲ್ಲಿ ಛತ್ರಿಯ ಕಡ್ಡಿ ಸಿಕ್ಕಿಸುವ ಹೊಲಿಗೆ. ಗಾಳಿಗೆ ಮುರಿದುಹೋದ ಗಂಡನ ಛತ್ರಿಯ ಬಟ್ಟೆಯನ್ನು ಅವಳೇ ಕತ್ತರಿಸಿ ಇಟ್ಟುಕೊಂಡಿದ್ದಳು. ಗಂಟೋ, ಅವಳು ಸೀರೆಯ ಸೆರಗಿಗೆ ಕುಚ್ಚು ಕಟ್ಟುವಾಗ ಹಾಕುವ ಮೂರು ಸುತ್ತಿನದು.

ಅಮಾವಾಸ್ಯೆಗೊಂದು. ಒಂದೊಂದರಲ್ಲೂ ಒಂದು ಹಿಡಿ ಕಲ್ಲುಪ್ಪು.

ದೃಷ್ಟಿ ತೆಗೆಯುವ ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ, ದೃಷ್ಟಿಯನ್ನೆಲ್ಲ ಹೀರಿಕೊಂಡಿದೆ ಅನ್ನುವುದಕ್ಕೆ ಅದೇ ಗುರುತು ಅಂತ ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ನೀರೊಡೆದಷ್ಟೂ ಬಸವಲಿಂಗಮ್ಮನಿಗೆ ಸಮಾಧಾನವಾಗುತ್ತಿತ್ತು. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಅವಳು ಯಾವತ್ತೂ ಬಾಗಿ ನೋಡಿರಲಿಲ್ಲ. ತೊಟ್ಟು ತೊಟ್ಟಾಗಿ, ಇಷ್ಟು ವರ್ಷ, ಅದೇ ನಾಲ್ಕು ಬೋಲ್ಟಿನ ಮೇಲೆ. ತೋಟದ ಪಕ್ಕದವರ ಮುಖಗಳು ಮತ್ತೆ ಕಣ್ಣ ಮುಂದೆ ಬಂದವು. ಈ ಸಲ ಅವಳಿಗೆ ಅವರನ್ನು ನೋಡಲಾಗಲಿಲ್ಲ.

"ಯಾಕಮ್ಮ, ನೀರು ಕೊಡ್ಲಾ?" ಅಂದಳು ಲಕ್ಷ್ಮೀದೇವಮ್ಮ.

"ಕೊಡು ತಾಯಿ."

ನೀರು ಕುಡಿದು, ಕಾಫಿ ಕುಡಿದು ಬಸವಲಿಂಗಮ್ಮ ಎದ್ದಳು. ಬಾಳೆಎಲೆಯ ಪೊಟ್ಟಣವನ್ನು ಕೇಳಿ ತೆಗೆದುಕೊಂಡಳು. ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ಕೆರೆಯ ಮೆಟ್ಟಿಲಿಳಿದು, ಅದನ್ನು ತನ್ನ ಕೈಯಿಂದಲೇ ನೀರಿಗೆ ಬಿಟ್ಟಳು. ಒಂದೇ ಒಂದು ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಶನಿವಾರ ಬೆಳಗ್ಗೆ ಅನಂತರಾಜು ಬಂದ. ಗೋಣಿಯಲ್ಲಿ ಎರಡು ಬ್ರಾಕೆಟ್ಟು, ಜೇಬಿನಲ್ಲಿ ಗುಬ್ಬಿಯಿಂದ ತಂದ ಬೋಲ್ಟು. ಅವಳು ಕುಣಿಗಲ್ಲಿನ ಮನೆಗೆ ಬಂದು ಹೋದದ್ದು ಅವನಿಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಎಣ್ಣೆ ಬಟ್ಟೆ ಬಿಚ್ಚಿ, ಕೊನೆಯ ಬೋಲ್ಟಿಗೆ ಸುತ್ತಿಗೆಯಲ್ಲಿ ಟಿಕ್ ಟಿಕ್ ಅಂದ.

ಮಹಾದೇವಯ್ಯ ಕುರ್ಚಿ ಎಳೆದುಕೊಂಡು ಕೂತ. "ಏನ್ ಸ್ವಾಮಿ, ಇವತ್ತಾದ್ರೂ ಬರ್ತದಾ? ಇಲ್ಲಾ ಇದಕ್ಕೂ ಯಾರೋ ಉಪ್ಪು ಸುರಿದವ್ರೆ ಅಂತೀರಾ?"

ಬಸವಲಿಂಗಮ್ಮ ಹಿತುಕಿದ ಬೇಳೆಯ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಸೈಟಿಗೆ ಇಳಿದಳು. ಮಗಳೂ ಬಾಗಿಲಿಗೆ ಬಂದಿದ್ದಳು. ಬಸವಲಿಂಗಮ್ಮ ಎಲ್ಲರ ಮುಂದೆ ಸೆರಗಿನ ತುದಿ ಬಿಚ್ಚಿ ಕಪ್ಪು ತುಂಡನ್ನು ಅಂಗೈಯಲ್ಲಿ ಹಿಡಿದಳು.

"ಸುರಿದವಳು ನಾನೇ ಕಣೋ ಮಹಾದೇವ. ಅಮಾಸೆ ಗಂಟು. ನಿಮ್ಮಣ್ಣನಿಗೆ ಗೊತ್ತಾಗ್ದಂಗೆ ಇಲ್ಲೇ ಕಟ್ತಿದ್ದೆ. ಉಪ್ಪು ನೀರಾಗಿ ಇಳಿದೈತೆ. ಲಾರಿ ತಿಂದಿದ್ದು ಯಾರ ಕಣ್ಣೂ ಅಲ್ಲ, ನನ್ನ ಕೈ."

ಪಲ್ಲವಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡದ್ದು ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಬಸವಲಿಂಗಮ್ಮ ಅನಂತರಾಜುವಿನ ಕಡೆ ತಿರುಗಿದಳು.

"ನಿಂಗೆ ಆವತ್ತೇ ಗೊತ್ತಾಗಿತ್ತಲ್ವೇನಪ್ಪ? ಯಾಕೆ ಹೇಳ್ಲಿಲ್ಲ?"

ಅವನು ಲಾರಿಯ ಕೆಳಗಿನಿಂದಲೇ ಹೇಳಿದ. "ಗಂಟು ನೋಡಿದ್ರೆ ಹೆಂಗಸ್ರು ಕೈದು ಅಂತ ಗೊತ್ತಾಯ್ತದೆ ಅಮ್ಮ. ಬಚ್ಚಿಟ್ಟು ಕಟ್ಟಿರೋದನ್ನ ನಾಲ್ಕು ಜನದ ಮುಂದೆ ಯಾಕೆ ಬಿಚ್ಲಿ? ನಾನು ಬಿಚ್ಚಕ್ಕೆ ಬಂದಿರೋದು ಬೋಲ್ಟು."

ಮಹಾದೇವಯ್ಯ ಕುರ್ಚಿಯಲ್ಲಿ ಒಮ್ಮೆ ಹೊರಳಿದ. "ಸರಿ, ಸರಿ. ಈಗ ತಿರುಗ್ಸಪ್ಪ. ಎಡಕ್ಕೆ ತಿರುಗ್ಸು!"

"ಸುಮ್ನಿರೋ," ಅಂದಳು ಬಸವಲಿಂಗಮ್ಮ. "ಮೊದ್ಲು ಬಲಕ್ಕೆ."

ಉರಿ, ಮೇಣ, ಕಾಯುವುದು. ಬಲಕ್ಕೆ ಒಂದು ಕೂದಲೆಳೆ. ಎಡಕ್ಕೆ. ಏನೂ ಇಲ್ಲ. ಮತ್ತೆ ಉರಿ. ಈ ಸಲ ಮೇಣದ ಬತ್ತಿ ಹಿಡಿದವಳು ಬಸವಲಿಂಗಮ್ಮನೇ. ಗೋಣಿಚೀಲದ ಮೇಲೆ ಮಂಡಿಯೂರಿ, ಸಂದಿಯೊಳಕ್ಕೆ ಮೇಣ ಇಳಿಯುವುದನ್ನು ನೋಡಿದಳು. ಉಪ್ಪುನೀರು ಇಳಿದ ದಾರಿಯೂ ಅದೇ. ಹನ್ನೊಂದು ಗಂಟೆಗೆ ಬೇಳೆ ಸಾರಿಗೆ ಕುಕ್ಕರಿಟ್ಟು ಬಂದಳು. ಹನ್ನೆರಡಕ್ಕೆ ಸಾರಿಗೆ ಒಗ್ಗರಣೆ ಹಾಕಿ ಬಂದಳು. ಒಂದೂ ಕಾಲಿಗೆ, ಅನಂತರಾಜು ಪೈಪಿನ ಮೇಲೆ ತನ್ನ ಮೈಭಾರವನ್ನೆಲ್ಲ ಬಿಡದೆ ಬರೀ ಅಂಗೈ ಒತ್ತಿದ್ದಾಗ, ಬೋಲ್ಟು ಟಕ್ಕೆಂದಿತು.

"ಮುರೀತಾ?" ಅಂದಳು ಬಸವಲಿಂಗಮ್ಮ.

ಅವನು ಬೆರಳಿನಿಂದಲೇ ಸುತ್ತು ಬಿಡಿಸಿ, ಕೆಂಪು ಪುಡಿ ಉದುರಿಸುತ್ತಿದ್ದ ಬೋಲ್ಟನ್ನು ತಂದು ಅವಳ ಅಂಗೈ ಮೇಲಿಟ್ಟ. ಇನ್ನೂ ಬಿಸಿಯಿತ್ತು. ಆಮೇಲೆ ಬ್ರಾಕೆಟ್ಟು ಕಳಚಿ ಚಾಸಿಯ ಮೇಲೆ ಸುತ್ತಿಗೆಯಿಂದ ಸಾಲಾಗಿ ತಟ್ಟಿಕೊಂಡು ಬಂದ. ಠಣ್, ಠಣ್, ಠಣ್. ಬೋಲ್ಟಿದ್ದ ತೂತಿನ ಹತ್ತಿರ ದನಿ ಒಂದಿಷ್ಟು ಮಂಕಾಯಿತು. ಮುಂದೆ ಮತ್ತೆ ಠಣ್.

"ತೆಳ್ಳಗಾಗೈತೆ. ಕಿತ್ತೋಗಿಲ್ಲ. ಹಿಂದಕ್ಕೊಂದು ಪ್ಲೇಟು ಕೊಟ್ಟು ಬಿಗಿದ್ರೆ ನಿಲ್ತದೆ."

ಭಾನುವಾರ ರಾತ್ರಿ ಊಟದ ಹೊತ್ತಿಗೆ ಲಾರಿ ತನ್ನ ಆರು ಚಕ್ರದ ಮೇಲೆ ನಿಂತಿತ್ತು. ಕೆಂಪು ಚುಕ್ಕೆಯ ಬ್ರಾಕೆಟ್ಟು ಬಲಗಡೆ ತನ್ನ ಜಾಗಕ್ಕೆ ಹೋಗಿತ್ತು. ಸೋಮವಾರ ಬೆಳಿಗ್ಗೆ ಅನಂತರಾಜು ಪಲ್ಲವಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಸ್ಟೇರಿಂಗ್ ಮುಂದೆ ಕೂತು ಇಂಜಿನ್ನು ಬಿಸಿ ಮಾಡುತ್ತಿದ್ದಾಗ ಬಸವಲಿಂಗಮ್ಮ ಕಿಟಕಿಯ ಹತ್ತಿರ ಬಂದಳು.

"ಏನಪ್ಪಾ, ಬರಿಗೈಲಿ ಕಳ್ಸಕ್ಕೆ ಮನಸ್ಸಾಗಲ್ಲ. ಉಪ್ಪು ಬ್ಯಾಡ. ನಿಂಬೆಹಣ್ಣು ಕಟ್ಟಬೋದಾ?"

"ಹುಳಿ ಅಮ್ಮ. ಅದೂ ಕಬ್ಬಿಣ ತಿಂತದೆ."

"ಮೆಣಸಿನಕಾಯಿ?"

ಅವನು ಯೋಚಿಸಿದ. "ಒಣಗಿದ್ದಾದ್ರೆ ತೊಂದ್ರೆ ಇಲ್ಲ."

ಏಳು ಒಣಮೆಣಸಿನಕಾಯಿ ಪೋಣಿಸಿದ ದಾರವನ್ನು ಅವಳು ತಂದೇ ಇದ್ದಳು. ಲಾರಿಯ ಹೊಟ್ಟೆಗೆ ಬಾಗಲಿಲ್ಲ. ನೇರವಾಗಿ ಮುಂದಕ್ಕೆ ಹೋಗಿ, ಬಂಪರಿನ ನಟ್ಟನಡುವೆ, ಬೀದಿಗೆಲ್ಲ ಕಾಣುವ ಹಾಗೆ ಕಟ್ಟಿ ಮೂರು ಸುತ್ತು ಗಂಟು ಹಾಕಿದಳು.

"ಅಣ್ಣ ಇದ್ದಿದ್ರೆ ಬೈದು ಕಿತ್ತಾಕ್ತಿದ್ದ," ಅಂದ ಮಹಾದೇವಯ್ಯ.

"ಕಿತ್ತಾಕ್ಲಿ. ಕಾಣೋ ಕಡೆ ಕಟ್ಟಿದೀನಲ್ಲ," ಅಂದಳು ಬಸವಲಿಂಗಮ್ಮ.

ಮೂರು ಗಂಟೆಗೆ ಪಲ್ಲವಿಯ ಫೋನು ಬಂದಾಗ ಅವಳು ಹಿತ್ತಲಲ್ಲಿ ಲೋಡಿಗೆ ಬೇಕಾದ ಖಾಲಿ ರಾಗಿ ಚೀಲಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಎಫ್‌ಸಿ ಆಗಿತ್ತು. "ಸರಿ ಕಣೇ, ಸಾರು ಬಿಸಿ ಮಾಡ್ತೀನಿ. ಅನಂತರಾಜೂನೂ ಊಟಕ್ಕೆ ಕರ್ಕೊಂಬಾ," ಅಂದಳು. ಕೆಂಪಗೆ ಸೊರಗಿದ ಒಂದು ಬೋಲ್ಟು ಕಟ್ಟೆಯ ಮೇಲೆ, ಖಾಲಿ ಮೊರದ ಪಕ್ಕದಲ್ಲಿ, ಇನ್ನೂ ಅಲ್ಲೇ ಇತ್ತು.